ಸ್ವೀಡಿಷ್ ಕಲಿಯುವವರಿಗೊಂದು ಪುಕ್ಕಟೆ ನಿಘಂಟು

ಓದಲಿಕ್ಕೆ ಸ್ವೀಡನ್ನಿಗೆ ಹೊರಟ ನಮ್ಮ ಕಾರವಾರದ ಕಡೆಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ‘ಸ್ವೆನ್ಸ್ಕಾ ಡಾಟ್ ಎಸ್‌ಇ’ ಜಾಲತಾಣವನ್ನು. ಸ್ವೀಡಿಷ್ ಅಕಾಡೆಮಿಯ ಮೂರು ನಿಘಂಟುಗಳು ಅಲ್ಲಿ ಒಟ್ಟಿಗೇ ಸಿಗುತ್ತವೆ: ಒಂದು ಕಾಗುಣಿತಕ್ಕೆ, ಒಂದು ಇವತ್ತಿನ ಅರ್ಥಕ್ಕೆ, ಮತ್ತೊಂದು ಪದದ ಇತಿಹಾಸಕ್ಕೆ. ಒಂದು ಪೈಸೆ ಖರ್ಚಿಲ್ಲ.

ನಾನು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು. ನಾರ್ವೆಯ ಅಧಿಕಾರಿಗಳ ಜೊತೆ ಇದ್ದು ಅವರ ಮಾತು ಒಂದಿಷ್ಟು ಕಲಿತೆ. ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಪದ ‘ರೋಲಿಗ್’. ಆಡುವಾಗ ‘ರೂಲಿ’ ಎಂದೇ ಕೇಳುತ್ತದೆ. ಸಮುದ್ರ ಶಾಂತವಾಗಿದ್ದರೆ ರೂಲಿ, ಗಡಿಬಿಡಿ ಮಾಡಬೇಡ ಎನ್ನಲಿಕ್ಕೆ ‘ತಾ ದೆ ರೂಲಿ’. ಡೇನಿಷ್‌ನಲ್ಲೂ ಅರ್ಥ ಅದೇ. 1980ರ ದಶಕದಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಅಭಿಮಾನಿಗಳು, ತಾವು ಹೊಡೆದಾಡುವ ಹೂಲಿಗನ್‌ಗಳಲ್ಲ ಎಂದು ‘ರೋಲಿಗನ್’ ಎಂಬ ಹೆಸರನ್ನೇ ಕಟ್ಟಿಕೊಂಡರು.

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೋಗುವ ತಯಾರಿಯಲ್ಲಿದ್ದ ಅಕ್ಕನ ಮಗ ಒಂದು ದಿನ ಪುಸ್ತಕ ಹಿಡಿದು ಬಂದ. “ಮಾಮಾ, ಪಾರ್ಟಿಗೆ ಹೊರಟವನಿಗೆ ‘ಹಾ ದೆ ರೂಲಿತ್’ ಅಂತಾರಂತೆ. ಶಾಂತವಾಗಿರು ಅಂತ ಯಾಕೆ ಹೇಳ್ತಾರೆ?” ಇಬ್ಬರೂ ಕೂತು ಹುಡುಕಿದೆವು. ಸ್ವೀಡಿಷ್‌ನಲ್ಲಿ ರೋಲಿಗ್ ಎಂದರೆ ಮಜವಾದದ್ದು, ನಗು ತರಿಸುವಂಥದ್ದು. ಶಾಂತ ಎನ್ನಲಿಕ್ಕೆ ಅವರದು ಬೇರೆಯೇ ಪದ, ‘ಲುಂಗ್ನ್’.

ಬೇರು ಮಾತ್ರ ಎಲ್ಲರಿಗೂ ಒಂದೇ: ವಿಶ್ರಾಂತಿ, ನೆಮ್ಮದಿ ಎಂಬರ್ಥದ ‘ರೋ’. ಈ ಭಾಷೆಗಳಿಗೆಲ್ಲ ತಾಯಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಐಸ್‌ಲ್ಯಾಂಡಿನ ‘ರೋಲೆಗುರ್’ ಇವತ್ತಿಗೂ ಶಾಂತ ಎಂದೇ. ಸ್ವೀಡನ್ನಿನಲ್ಲಿ ನೆಮ್ಮದಿ ಹಿತವಾಯಿತು, ಹಿತ ಮೋಜಾಯಿತು. ಆದರೂ ಹಳೆಯ ಅರ್ಥ ಪೂರ್ತಿ ಹೋಗಿಲ್ಲ. ಮುಂದೆ ‘ಊ’ ಹಚ್ಚಿದ ‘ಊರೂಲಿ’ಗೆ ಸ್ವೀಡಿಷ್‌ನಲ್ಲಿ ‘ಮಜವಿಲ್ಲದ್ದು’ ಎಂಬ ಅರ್ಥವಿಲ್ಲ. ಚಿಂತೆಗೀಡಾದ, ಕಳವಳಗೊಂಡ ಎಂದರ್ಥ. ನಮ್ಮ ‘ಅವಕಾಶ’ದ ಕಥೆಯೂ ಹೀಗೇ. ಹಿಂದಿಯವರಿಗೆ ಅದು ರಜೆ, ನಮಗೆ ಸಂದರ್ಭ. ಆದರೆ ‘ಸಾವಕಾಶ ಹೋಗು’ ಎನ್ನುವಾಗ ಆ ಹಳೆಯ ಬಿಡುವು ನಮ್ಮ ಬಾಯಲ್ಲೂ ಇದೆ. ಇದನ್ನು ಹೇಳಿದ ಮೇಲೆ ಹುಡುಗ ಪುಸ್ತಕ ಮಡಚಿಟ್ಟು ಮೊಬೈಲಿನಲ್ಲಿ ಆ ನಿಘಂಟನ್ನೇ ಓದುತ್ತ ಕೂತ.

ಇತಿಹಾಸದ ನಿಘಂಟಿನ ಬಗ್ಗೆ ನನಗಿರುವ ಗೌರವ ದೊಡ್ಡದು. ಮೊದಲ ಸಂಪುಟ ಬಂದದ್ದು 1898ರಲ್ಲಿ, ಕೊನೆಯ ಸಂಪುಟದ ಕೆಲಸ ಮುಗಿದದ್ದು 2023ರಲ್ಲಿ. ಒಟ್ಟು 39 ಸಂಪುಟ. ಒಂದು ತಲೆಮಾರು ಶುರು ಮಾಡಿದ್ದನ್ನು ಮುಂದಿನವರು ಕೈಬಿಡದೆ ನಡೆಸಿದ್ದಾರೆ. ಇಷ್ಟು ಕಾಲ ಹಿಡಿದದ್ದರಿಂದ ಒಂದು ಕೊರತೆಯೂ ಉಳಿದಿದೆ. ‘ಅಲರ್ಜಿ’ ಎಂಬ ಪದ ಸ್ವೀಡಿಷ್‌ಗೆ ಬರುವ ಮೊದಲೇ ‘ಎ’ ಅಕ್ಷರದ ಸಂಪುಟ ಅಚ್ಚಾಗಿಬಿಟ್ಟಿತ್ತು! ಹೊಸ ಪದಗಳಿಗೆ ಇದನ್ನು ನಂಬಿಕೊಂಡು ಕೂರಬಾರದು.

ವಿವರಣೆಯೆಲ್ಲ ಸ್ವೀಡಿಷ್‌ನಲ್ಲೇ ಇದೆ, ಇಂಗ್ಲಿಷ್ ಇಲ್ಲ. ಹಾಗಾಗಿ ಅಕ್ಷರಾಭ್ಯಾಸದ ದಿನವೇ ಇದು ಬೇಡ; ಸಣ್ಣ ವಾಕ್ಯಗಳನ್ನು ಓದಲು ಬಂದಮೇಲೆ ತೆರೆಯಿರಿ. ಮೊದಲು ಇವತ್ತಿನ ಅರ್ಥದ ನಿಘಂಟು ನೋಡಿ, ಆಮೇಲೆ ಇತಿಹಾಸದ್ದು. ಡೇನಿಷ್ ಬೇಕಿದ್ದವರಿಗೆ ‘ಓರ್ಡ್‌ನೆಟ್ ಡಾಟ್ ಡಿಕೆ’, ನಾರ್ವೇಜಿಯನ್ನಿಗೆ ‘ಓರ್ಡ್‌ಬೋಕೆನೆ ಡಾಟ್ ನೋ’ ಇವೆ, ಅವೂ ಪುಕ್ಕಟೆ. ಮೂರನ್ನೂ ಪಕ್ಕಪಕ್ಕ ತೆರೆದಿಟ್ಟು ಒಂದೇ ಪದ ಹುಡುಕಿ. ನಾರ್ವೆಯ ಹಡಗಿನಲ್ಲಿ ಮಾತು ಕಲಿತು ಸ್ವೀಡನ್ನಿನ ಕಂಪನಿಗೆ ಸೇರುವವರಂತೂ ಹೊರಡುವ ಮೊದಲು ಇಷ್ಟು ಮಾಡಲೇಬೇಕು.