100 ವ್ಯಾಟ್ ಗ್ಲೂ ಗನ್: ಕಿರೀಟಕ್ಕೆ ಸೈ, ಕತ್ತಿಗೆ ಬೇಡ

ಆಫೀಸು ಮುಗಿಸಿ ನಾಟಕದ ರಿಹರ್ಸಲ್‌ಗೆ ಓಡುವ ಜನರಲ್ಲಿ ನಾನೂ ಒಬ್ಬ. ನನ್ನ ನಟನೆ ಅಷ್ಟಕ್ಕಷ್ಟೇ, ಹಾಗಾಗಿ ಪ್ರಾಪರ್ಟಿ, ಅಂದರೆ ನಾಟಕದ ಸಾಮಾನು ಸರಂಜಾಮಿನ ಜವಾಬ್ದಾರಿಯನ್ನು ತಂಡದವರು ನನ್ನ ತಲೆಗೆ ಕಟ್ಟಿದ್ದಾರೆ. ಈ ಸಲ ರಾಜರ ಕಾಲದ ನಾಟಕ. 2 ಕಿರೀಟ, 6 ಕತ್ತಿ, ಒಂದು ಸಿಂಹಾಸನ, ಸಾಲದ್ದಕ್ಕೆ ರಾಣಿಗೊಂದು ಗಿಳಿ ಪಂಜರ. ಬಜೆಟ್ 3,000 ರೂಪಾಯಿ. ಬಾಡಿಗೆಗೆ ತರೋಣ ಅಂದರೆ 3 ಶೋಗೆ ಬರೀ ಕತ್ತಿಗಳಿಗೇ ಅಷ್ಟು ಹೋಗುತ್ತಿತ್ತು. ಸರಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಗ್ಲೂ ಗನ್ ತಂದೆ. 100 ವ್ಯಾಟ್, 11 ಎಂಎಂ ಅಂಟಿನ ಕಡ್ಡಿ ಹಾಕಿದರೆ ಕರಗಿಸಿ ಮೂತಿಯಿಂದ ಬಿಡುವಂಥದ್ದು, 380 ರೂಪಾಯಿ. ಯಾವ ಕಂಪನಿ ಅಂತ ಕೇಳಬೇಡಿ, ಡಬ್ಬದ ಮೇಲಿದ್ದ ಹೆಸರೇ ಬೇರೆ, ಗನ್ ಮೇಲಿದ್ದ ಹೆಸರೇ ಬೇರೆ.

ಮೊದಲು ಕಿರೀಟದ ವಿಷಯ, ಯಾಕೆಂದರೆ ದುಡ್ಡು ವಸೂಲಾಗಿದ್ದು ಅಲ್ಲೇ. ಫೋಮ್ ಶೀಟ್ ಕತ್ತರಿಸಿ ಸುತ್ತಿ ಅಂಟಿಸಿದೆ, ಅರ್ಧ ನಿಮಿಷದಲ್ಲಿ ಗಟ್ಟಿ. ಆಮೇಲೆ ಸುಮ್ನೆ ಆಟಕ್ಕೆ ಅಂತ ಅದೇ ಗನ್ನಿನಿಂದ ಫೋಮ್ ಮೇಲೆ ಒಂದು ಮಾವಿನಕಾಯಿ ಡಿಸೈನ್ ಬರೆದೆ, ಮೆಹಂದಿ ಕೋನ್ ಹಿಡಿದ ಹಾಗೆ. ಆರಿದ ಮೇಲೆ ಗೆರೆಗಳು ಉಬ್ಬಿ ನಿಂತವು. ಸುತ್ತಲೂ ಬಳ್ಳಿ, ಹೂವು, ಅಂಚಿಗೆ ಮುತ್ತಿನ ಸಾಲಿನಂತೆ ಚುಕ್ಕಿ ಚುಕ್ಕಿ. ಫೋಮ್ ಬಣ್ಣವನ್ನು ಕುಡಿದುಬಿಡುತ್ತದೆ, ಅದಕ್ಕೇ ಫೆವಿಕಾಲ್‌ಗೆ ನೀರು ಬೆರೆಸಿ ಎರಡು ಸಲ ಬಳಿದು, ಒಣಗಿಸಿ, ಮೇಲೆ ಗೋಲ್ಡ್ ಪೇಂಟ್ ಹೊಡೆದೆ. ಮೂರನೇ ಸಾಲಿನಲ್ಲಿ ಕೂತು ನೋಡಿದರೆ ಅಕ್ಕಸಾಲಿಗ ಕೂತು ಕುಟ್ಟಿದ ಕೆಲಸ ಅನ್ನಬೇಕು, ಹಾಗಿತ್ತು.

ಇನ್ನು ಥರ್ಮಾಕೋಲ್. ಸಿಂಹಾಸನದ ಕೈಗಳಿಗೆ ಎರಡು ಸಿಂಹದ ಮುಖ ಕೆತ್ತಿದ್ದೆ, ಎರಡು ರಾತ್ರಿಯ ಕೆಲಸ. ಬಿಸಿ ಮೂತಿ ತಾಗಿದ್ದೇ ತಡ, ಒಂದು ಸಿಂಹದ ಮೂಗು ಕರಗಿ ಗುಳಿ ಬಿತ್ತು. ಥರ್ಮಾಕೋಲ್‌ಗೆ ಅಂಟಿಸಲೇಬೇಕು ಅಂದರೆ ಅಂಟನ್ನು ರಟ್ಟಿಗೆ ಹಾಕಿ, ಸ್ವಲ್ಪ ಆರಲು ಬಿಟ್ಟು ಆಮೇಲೆ ಒತ್ತಬೇಕು. ಫೆವಿಕಾಲ್ ಇನ್ನೂ ವಾಸಿ, ರಾತ್ರಿಯಿಡೀ ಕಾಯುವ ತಾಳ್ಮೆ ಇದ್ದರೆ. ಸ್ಪ್ರೇ ಪೇಂಟಂತೂ ಹೊಡೆಯಲೇಬೇಡಿ, ಅದೂ ಥರ್ಮಾಕೋಲನ್ನು ತಿಂದುಹಾಕುತ್ತದೆ. (ಇನ್ನೊಂದು ಸಿಂಹದ ಕಥೆ ಅದು.)

ಕತ್ತಿ? ಬೇಡ, ಖಂಡಿತ ಬೇಡ. ಪ್ಲೈವುಡ್ ಪಟ್ಟಿಗೆ ಹಿಡಿ ಅಂಟಿಸಿ ಕೊಟ್ಟೆ. ರಿಹರ್ಸಲ್‌ನಲ್ಲಿ ಎರಡನೇ ಏಟಿಗೇ ಸೇನಾಪತಿಯ ಕೈಯಲ್ಲಿ ಹಿಡಿ ಉಳಿಯಿತು, ಕತ್ತಿ ಹಾರಿ ಹೋಗಿ ಹಾರ್ಮೋನಿಯಂ ಪಕ್ಕ ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಆಮೇಲೆ ಎರಡೆರಡು ಸ್ಕ್ರೂ ಹಾಕಿ, ಹಳೇ ಸೈಕಲ್ ಟ್ಯೂಬ್ ಪಟ್ಟಿ ಮಾಡಿ ಬಿಗಿಯಾಗಿ ಸುತ್ತಿದೆ. ಹಿಡಿತವೂ ಚೆನ್ನಾಗಿ ಬಂತು. ಏಟು ಬೀಳುವ, ಭಾರ ಹೊರುವ ಯಾವುದಕ್ಕೂ ಗ್ಲೂ ಗನ್ ನಂಬಬೇಡಿ.

ಬಿಸಿಲನ್ನಂತೂ ಇದು ತಡೆಯುವುದೇ ಇಲ್ಲ. ಬಿಸಿಯಲ್ಲಿ ಕರಗಿದ್ದು ಬಿಸಿಯಲ್ಲೇ ಬಿಡುತ್ತದೆ, ಅಷ್ಟೇ ಲೆಕ್ಕ, ಆದರೆ ನನಗೆ ಅದು ಹೊಳೆದಿದ್ದು ತುಮಕೂರಿನ ಶೋ ದಿನ. ಏಪ್ರಿಲ್ ತಿಂಗಳು, ಸಾಮಾನೆಲ್ಲ ಟೆಂಪೋದಲ್ಲಿ, ಟೆಂಪೋ ಮಧ್ಯಾಹ್ನವೆಲ್ಲ ಬಿಸಿಲಲ್ಲಿ. ಬಾಗಿಲು ತೆಗೆದರೆ ರಾಜನ ಕಿರೀಟ ಬಾಡಿದ ದಾಸವಾಳದಂತೆ ಬಿಚ್ಚಿಕೊಂಡು ಮಲಗಿದೆ. ಸ್ಟೇಪ್ಲರ್, ಸೇಫ್ಟಿ ಪಿನ್ ಹಾಕಿ ಹೇಗೋ ನಿಲ್ಲಿಸಿದೆವು. ನಮ್ಮ ತಂಡದಲ್ಲಿ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಮೇಷ್ಟ್ರು ಅಂತೀವಿ. ಅವರು ಬಂದು ನೋಡಿ, "ಮೈದಾ ಗೋಂದು ಕಾಯಿಸಿ, ಹುಳ ಬೀಳದ ಹಾಗೆ ಚೂರು ಮೈಲುತುತ್ತ ಹಾಕಿ, ಪೇಪರ್ ಮೇಲೆ ಪೇಪರ್ ಮೆತ್ತಿದ್ದರೆ ಹೀಗಾಗ್ತಿತ್ತೇನಯ್ಯಾ?" ಅಂದರು. ಅವರು ಹಾಗೆ ಮಾಡಿದ ಒಂದು ಗಡಿಗೆ ಇನ್ನೂ ನಮ್ಮ ಟ್ರಂಕಿನಲ್ಲಿದೆ, ಅಲ್ಲಗಳೆಯುವ ಹಾಗಿಲ್ಲ. ಆದರೆ ಅದು ಒಣಗಲು ಎರಡು ದಿನ ಬೇಕು ಮೇಷ್ಟ್ರೇ, ನಮಗೆ ಇದ್ದಿದ್ದು ಎರಡು ಗಂಟೆ.

ಗನ್ನಿನದ್ದೇ ದೋಷಗಳೂ ಇವೆ. ಸ್ವಿಚ್ ಇಲ್ಲ, ಪ್ಲಗ್ ಕಿತ್ತರೇ ಆಫ್. ವಯರ್ ಗಿಡ್ಡ, ಗ್ರೀನ್ ರೂಮಿನಲ್ಲಿ ಮೇಕಪ್‌ನವರ ಜೊತೆ ಪ್ಲಗ್‌ಗೆ ಜಗಳ ಆಡಬೇಕು. ತಂತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಮಗುಚಿಕೊಳ್ಳುತ್ತದೆ, ಸುಮ್ಮನೆ ಇಟ್ಟರೂ ತೊಟ್ಟಿಕ್ಕುತ್ತದೆ, ಕೆಳಗೆ ಒಂದು ಟೈಲ್ಸ್ ಚೂರು ಇಟ್ಟುಕೊಳ್ಳಿ. ಬೆರಳಿಗೆ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಬರುತ್ತದೆ, ನಲ್ಲಿ ನೀರಿಗೆ ಹಿಡಿಯಿರಿ. ಅಂಟು ಬಿಡುವ ಜೇಡರ ಬಲೆಯಂಥ ಎಳೆಗಳನ್ನು ಶೋಗೆ ಮುಂಚೆ ತೆಗೆಯಲೇಬೇಕು, ಸ್ಪಾಟ್ ಲೈಟ್ ಬಿದ್ದರೆ ಮಿರಮಿರ ಮಿಂಚುತ್ತವೆ. ತಪ್ಪು ಜಾಗಕ್ಕೆ ಅಂಟಿಸಿದ್ದರೆ ಅಂಚಿಗೆ ಸ್ಯಾನಿಟೈಸರ್ ಹಚ್ಚಿ, ಬಿಟ್ಟುಕೊಳ್ಳುತ್ತದೆ. ಕೊರೊನಾ ಕಾಲದ ಬಾಟಲಿ ಎಲ್ಲರ ಮನೆಯಲ್ಲೂ ಒಂದಾದರೂ ಉಳಿದಿರುತ್ತದೆ ಅಲ್ವಾ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡ್ಡಿಯನ್ನು ಪ್ಯಾಕೆಟ್ ಲೆಕ್ಕದಲ್ಲಿ ತಗೋಬೇಡಿ, ಕೆಜಿ ಲೆಕ್ಕದಲ್ಲಿ ಅಗ್ಗ. ಗಿಳಿ ಪಂಜರ ಹೇಳುವುದೇ ಮರೆತೆ. ಪೊರಕೆ ಕಡ್ಡಿ, ಎರಡು ರಟ್ಟಿನ ಬಿಲ್ಲೆ, ಈ ಗನ್, ಅಷ್ಟರಲ್ಲೇ ಆಯಿತು, ಮೂರು ಶೋಗೂ ಒಂದು ಕಡ್ಡಿ ಅಲ್ಲಾಡಲಿಲ್ಲ. ಈಗ ಅದು ಡೈರೆಕ್ಟರ್ ಮನೆ ಬಾಲ್ಕನಿಯಲ್ಲಿ ನೇತಾಡುತ್ತಿದೆ, ವಾಪಸ್ ಕೇಳಬೇಕು.