ರದ್ದಾದ ಪ್ರವಾಸಕ್ಕೆ ವಿಮೆ: ಕಟ್ಟಿದ್ದೆಷ್ಟು, ಬಂದದ್ದೆಷ್ಟು

ಕಳೆದ ಡಿಸೆಂಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಸಿಂಗಪುರಕ್ಕೆ ಆರು ದಿನಗಳ ಪ್ರವಾಸ ಹೊರಡುವವರಿದ್ದೆವು. ಒಂಬತ್ತು ದಿನ ಬಾಕಿ ಇರುವಾಗ ಅವರಿಗೆ ಪಿತ್ತಕೋಶದ ಕಲ್ಲಿನಿಂದ ತಾಳಲಾರದ ಹೊಟ್ಟೆನೋವು ಬಂದು, ಊರಿನಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ನಾವು ಕಟ್ಟಿದ್ದ 1,46,000 ರೂಪಾಯಿಯಲ್ಲಿ ವಿಮಾನದವರು ಮತ್ತು ಹೋಟೆಲಿನವರು ಹಿಂದಿರುಗಿಸಿದ್ದು 38,000 ಮಾತ್ರ. ಉಳಿದದ್ದಕ್ಕೆ ಪ್ರವಾಸ ವಿಮೆಯನ್ನೇ ನಂಬಿದೆವು. 47 ದಿನಗಳ ನಂತರ 94,500 ರೂಪಾಯಿ ಖಾತೆಗೆ ಬಂತು. ವೀಸಾ ಶುಲ್ಕ, ಏಜೆಂಟರ ಸೇವಾಶುಲ್ಕ ಮತ್ತು ಪಾಲಿಸಿಯಲ್ಲಿ ಮೊದಲೇ ಹೇಳಿದ್ದ ಕಡಿತದ ಮೊತ್ತ ಬರಲಿಲ್ಲ.

ಈ ಹಣ ಬಂದದ್ದು, ವಿಮೆ ಕೊಳ್ಳುವಾಗ ತುಂಬುವ ಪ್ರೊಪೋಸಲ್ ಫಾರಂನ ಒಂದು ಸಾಲಿನಿಂದ ಎಂದು ನನಗೆ ಈಗಲೂ ಅನಿಸುತ್ತದೆ. ಯಜಮಾನರು ಎಂಟು ವರ್ಷಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಪಿ.ಜೆ. ಬಡಾವಣೆಯ ಕಚೇರಿಯಲ್ಲಿ ಫಾರಂ ತುಂಬುತ್ತಿದ್ದ ಏಜೆಂಟರು, "ಬಿ.ಪಿ. ಯಾರಿಗಿಲ್ಲ ಬಿಡ್ರಿ ಅಕ್ಕಾರೆ, ಇಲ್ಲ ಅಂತ ಟಿಕ್ ಮಾಡಿಬಿಡ್ತೀನಿ" ಎಂದರು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಯಜಮಾನರು ಪಟ್ಟು ಹಿಡಿದರು. ಪ್ರೀಮಿಯಂ ಸ್ವಲ್ಪ ಹೆಚ್ಚಾಯಿತು. ಮುಂದೆ ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲಿಯೇ "ಎಂಟು ವರ್ಷಗಳಿಂದ ಅಧಿಕ ರಕ್ತದೊತ್ತಡ" ಎಂದು ಇದ್ದುದನ್ನು ನೋಡಿ ವಿಮಾ ಕಂಪನಿ ವಿವರಣೆ ಕೇಳಿದಾಗ, ಫಾರಂನ ಪ್ರತಿಯನ್ನು ಕಳುಹಿಸಲು ನಮಗೆ ಯಾವ ಅಳುಕೂ ಇರಲಿಲ್ಲ.

ಕಂಪನಿಯ ಬಗ್ಗೆ ನನ್ನ ದೂರು ಬೇರೆಯದು: ಬೇಕಾದ ಕಾಗದಗಳನ್ನೆಲ್ಲ ಒಂದೇ ಸಲ ಕೇಳದೆ, ನಾಲ್ಕು ಕಂತಿನಲ್ಲಿ ಕೇಳಿದರು. ವೈದ್ಯರು ಮೊದಲು ಕೊಟ್ಟ ಪತ್ರದಲ್ಲಿ "ಮೂರು ವಾರ ವಿಶ್ರಾಂತಿ ಅಗತ್ಯ" ಎಂದಷ್ಟೇ ಇತ್ತು. ಅದು ಸಾಲದು, ಇಂಥ ದಿನದಿಂದ ಇಂಥ ದಿನದವರೆಗೆ ಪ್ರಯಾಣಕ್ಕೆ ಯೋಗ್ಯರಲ್ಲ ಎಂದೇ ಬರೆದಿರಬೇಕು ಎಂದರು. ಕಲ್ಲು ಇರುವುದು ಈ ಸಲದ ಸ್ಕ್ಯಾನಿಂಗಿನಲ್ಲಿಯೇ ಮೊದಲು ಗೊತ್ತಾಯಿತೆಂದು ಇನ್ನೊಂದು ಪತ್ರ ಬೇಕಾಯಿತು. ಏಜೆಂಟರು ಕೊಟ್ಟಿದ್ದ ರಸೀದಿಯಲ್ಲಿ "ಸಿಂಗಪುರ ಪ್ಯಾಕೇಜ್, ಇಬ್ಬರಿಗೆ" ಎಂಬ ಒಂದೇ ಸಾಲು, ಒಂದೇ ಮೊತ್ತ. ಟಿಕೆಟ್ಟಿಗೆಷ್ಟು, ಹೋಟೆಲಿಗೆಷ್ಟು, ಯಾವುದರಲ್ಲಿ ಎಷ್ಟು ವಾಪಸು ಬಂತು ಎಂದು ಬಿಡಿಸಿ ಬರೆಸಿಕೊಳ್ಳಲು, ಹೊಲಿಗೆ ಮಾಯದ ರೋಗಿಯನ್ನು ಮನೆಯಲ್ಲಿ ಬಿಟ್ಟು ಮೂರು ಸಲ ಅಲೆದೆ. ದುಡ್ಡು ಕಟ್ಟುವ ದಿನವೇ ಇಂಥ ಬಿಲ್ಲನ್ನು ಕೇಳಿ ಪಡೆಯಿರಿ.

ಪ್ರವಾಸ ವಿಮೆ ಎಂಬ ಹೆಸರಿದ್ದ ಮಾತ್ರಕ್ಕೆ ರದ್ದತಿಯ ನಷ್ಟವೂ ಸೇರಿರುತ್ತದೆಂದು ತಿಳಿಯಬಾರದು. ಕೆಲವು ಪಾಲಿಸಿಗಳಲ್ಲಿ ಹೊರದೇಶದ ಆಸ್ಪತ್ರೆಯ ಖರ್ಚು ಮಾತ್ರ ಇರುತ್ತದೆ. ರೈಲು ಟಿಕೆಟ್ಟಿನ ಜೊತೆ 45 ಪೈಸೆಗೆ ಸಿಗುವ ಐಆರ್‌ಸಿಟಿಸಿ ವಿಮೆ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ಕೊಡುತ್ತದೆಯೇ ಹೊರತು, ಕಾಯಿಲೆಯಿಂದ ರದ್ದಾದ ಟಿಕೆಟ್ಟಿಗೆ ಏನೂ ಕೊಡುವುದಿಲ್ಲ. ರದ್ದತಿಯ ರಕ್ಷಣೆ ಪಾಲಿಸಿ ಕೊಂಡಂದಿನಿಂದ ಪ್ರವಾಸ ಹೊರಡುವವರೆಗೆ ಮಾತ್ರ ಇರುವುದರಿಂದ, ಹೊರಡುವ ಹಿಂದಿನ ದಿನ ಕೊಂಡರೆ ಅದರ ಪ್ರಯೋಜನ ಬಹುಮಟ್ಟಿಗೆ ಹೋದಂತೆಯೇ. ನಾವು ಟಿಕೆಟ್ ಕಾದಿರಿಸಿದ ದಿನವೇ ಕೊಂಡಿದ್ದೆವು. ನಮ್ಮ ಪಾಲಿಸಿಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ಒಳರೋಗಿಯಾಗಿರಬೇಕೆಂಬ ಷರತ್ತೂ ಇತ್ತು.

ಕಂಪನಿ ಒಂದು ತಿಂಗಳೊಳಗೆ ದೂರಿಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಾಗದಪತ್ರಗಳ ಪಟ್ಟಿಯನ್ನು ಮೊದಲ ದಿನವೇ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಯಜಮಾನರು ಚೇತರಿಸಿಕೊಂಡಿದ್ದಾರೆ, ಮತ್ತೆ ಸಿಂಗಪುರದ ಮಾತು ಎತ್ತಿದ್ದಾರೆ. ಈ ಸಲ ಫಾರಂನಲ್ಲಿ ಬಿ.ಪಿ.ಯ ಜೊತೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನೂ ಬರೆಸಬೇಕು. ಪ್ರೀಮಿಯಂ ಎಷ್ಟಾಗುತ್ತದೆಂದು ಅದೇ ಕಂಪನಿಯನ್ನು ಕೇಳಿ ಬರೆದಿದ್ದೇನೆ.