ಮಾಂಟ್‌ಪೀಲಿಯರ್, ಮ್ಯಾಡಿಸನ್ ಮನೆ: ಗೈಡೆಡ್ ಟೂರೇ ತಗೊಳಿ

ಅಮೆರಿಕದ ವರ್ಜೀನಿಯಾದ ಆರೆಂಜ್ ಊರಿನ ಹತ್ರ ಇರೋ, ಆ ದೇಶದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಮನೆಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ವಿ, ಸುಮ್ನೆ ಹೊರಗಿಂದ ನೋಡ್ಕೊಂಡು ಬಂದ್ರೆ ಏನೂ ಸಿಗಲ್ಲ, ಟೂರ್ ಮಾಡ್ಲೇಬೇಕು.

ಮಹಡಿ ಮೇಲಿನ ಲೈಬ್ರರಿ ರೂಮು ತುಂಬಾ ಹಿಡಿಸ್ತು. ಕಿಟಕಿಲಿ ಬ್ಲೂ ರಿಡ್ಜ್ ಬೆಟ್ಟ ಕಾಣ್ಸುತ್ತೆ, ಮ್ಯಾಡಿಸನ್ ಇಲ್ಲೇ ಕೂತು ಹಳೇ ಗಣರಾಜ್ಯಗಳು ಯಾಕೆ ಬಿದ್ದೋದ್ವು ಅಂತ ಓದ್ಕೊಂಡು, ಅಮೆರಿಕದ ಸಂವಿಧಾನ ಬರೆದ 1787ರ ಸಭೆಗೆ ರೆಡಿ ಆಗಿದ್ರಂತೆ. ಮನುಷ್ಯರು ದೇವತೆಗಳಾಗಿದ್ರೆ ಸರ್ಕಾರನೇ ಬೇಕಿರ್ಲಿಲ್ಲ ಅಂತ 1788ರಲ್ಲಿ ಬರೆದಿದ್ದು ಇವರೇ, ಸರ್ಕಾರ ಜನರನ್ನ ಹದ್ದುಬಸ್ತಲ್ಲಿ ಇಡ್ಬೇಕು, ಆಮೇಲೆ ತನ್ನನ್ನೂ ಇಟ್ಕೋಬೇಕು, ಅದಕ್ಕೇ ಅಧಿಕಾರ ಒಬ್ರ ಕೈಲೇ ಇರ್ಬಾರ್ದು ಅನ್ನೋದು ಅವರ ವಾದ. ನನಗೆ ಇದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ.

ಆದ್ರೆ ನೆಲಮಾಳಿಗೆ ಮಾತ್ರ ಬಿಡ್ಬೇಡಿ ಪ್ಲೀಸ್. ಅಲ್ಲಿ ಆ ಮನೇಲಿ ದುಡಿದ ಗುಲಾಮರ ಕಥೆ ಇದೆ, ಇಟ್ಟಿಗೆ ಮೇಲೆ ಬೆರಳಚ್ಚು ಹಂಗೇ ಉಳ್ಕೊಂಡಿದೆ, ಚಿಕ್ಕ ಮಕ್ಕಳ ಬೆರಳು. ಅಮ್ಮ ಅದನ್ನ ನೋಡ್ತಾ ಮಾತೇ ಆಡದೆ ನಿಂತ್ಬಿಟ್ರು. ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಬರೆದೋರು ಉಯಿಲಲ್ಲೂ ಅವರನ್ನ ಬಿಡುಗಡೆ ಮಾಡ್ಲಿಲ್ಲ, ಇದನ್ನ ನನ್ ಕೈಲಿ ಕ್ಷಮಿಸಕ್ಕಾಗಲ್ಲ. ಮುಚ್ಚಿಡದೆ ತೋರ್ಸಿದಾರೆ ಅಂತಾನೇ ಐದು ಸ್ಟಾರ್.

ಅರ್ಧ ದಿನ ಇಟ್ಕೊಂಡು ಹೋಗಿ, ನಡಿಯೋದು ಜಾಸ್ತಿ ಇದೆ.